ದೇವರ ಕೋಣೆಯ ಪೆಟ್ರೋಲ್ ಕ್ಯಾನು

ನೋಡಿ, ಒಂದೂರಿನ ಒಬ್ಬ ಸಾಹುಕಾರನ ಸಂಗತಿ ಹೇಳ್ತೀನಿ. ಯಾವ ಊರು ಅಂತ ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ನಾಲ್ಕು ಜನ ಎದ್ದು ಹೋಗ್ತೀರಿ.

ಈ ಸಾಹುಕಾರ ತೋಟದ ಕಳೆ ಹೊಡೆಯೋಕೆ ಒಂದು ಪೆಟ್ರೋಲ್ ಮಷೀನು ತಂದ. ಹೆತ್ತ ಮಕ್ಕಳಿಗಿಂತ ಅದರ ಮೇಲೇ ಪ್ರೀತಿ! ಮಳೆಗಾಲ ಮುಗೀತು, ಕಳೆಯೂ ಮುಗೀತು. ಅಂಗಡಿಯವನು ಮೊದಲೇ ಹೇಳಿದ್ದ: "ಸಾಹುಕಾರ್ರೇ, ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ. ಪೆಟ್ರೋಲ್ ಕ್ಯಾನನ್ನ ಮನೆಯಿಂದ ದೂರ ಶೆಡ್ಡಲ್ಲಿಡಿ."

ಶೆಡ್ಡಾ? ಕಳ್ಳ ಬಂದರೆ? ಕಳ್ಳನೂ ಕಾಲಿಡೋಕೆ ಹೆದರುವ ಜಾಗ ಯಾವುದು ಅಂತ ಸಾಹುಕಾರ ಯೋಚನೆ ಮಾಡಿದ. ದೇವರ ಕೋಣೆ! ಮಷೀನು, ಕ್ಯಾನು ಎರಡನ್ನೂ ತಂದು ಮಂಟಪದ ಬುಡದಲ್ಲಿ ಕೂರಿಸಿದ. ನೋಡಿ, ದೇವರಿಗೆ ವಾಚ್‌ಮನ್ ಕೆಲಸ ಕೊಟ್ಟ. ಸಂಬಳ? ದಿನಕ್ಕೆರಡು ದಾಸವಾಳ.

ಹೆಂಡತಿ ದಿನಾ ಗೋಗರೆದಳು. "ರೀ, ದೀಪ ಹಚ್ಚೋಕೆ ಹೋದರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತೆ. ನಂಗೆ ಭಯ ಆಗುತ್ತೆ."

"ವಾಸನೆ ತಾನೇ? ಇನ್ನೆರಡು ಊದಿನಕಡ್ಡಿ ಹಚ್ಚು."

ಕೇಳಿದ್ರಾ? ಪೆಟ್ರೋಲ್ ವಾಸನೆಗೆ ಊದಿನಕಡ್ಡಿ!

ಆಯುಧಪೂಜೆ ಬಂತು. ಹಬ್ಬದ ದಿನ ಮಷೀನು ಬರಿಹೊಟ್ಟೆಯಲ್ಲಿರಬಾರದು ಅಂತ ಟ್ಯಾಂಕ್ ತುಂಬಿಸಿದ, ತುಳುಕೋವಷ್ಟು. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಕ್ಯಾನಿಗೂ ಒಂದು ಬೊಟ್ಟಿಟ್ಟ. ಮುಚ್ಚಳ ಹಾಕೋದು ಮಾತ್ರ ಮರೆತ. ಕಿಟಕಿಯಿಲ್ಲದ ಕೋಣೆ. ಭಕ್ತಿಯಿಂದ ಕಣ್ಮುಚ್ಚಿ ಕರ್ಪೂರದ ಆರತಿಯನ್ನ ಮಷೀನಿನ ಮೂತಿಗೆ ಹಿಡಿದ.

ಭುಗ್!

ಹೆಂಡತಿ ಅವನ ಶಲ್ಯ ಹಿಡಿದು ದರದರ ಹೊರಗೆಳೆದಳು. ಶಲ್ಯಕ್ಕೆ ಬೆಂಕಿ ಹತ್ತಿತ್ತು, ಅವಳು ಬಿಡಲಿಲ್ಲ. ಕೈ ಬೆಂದುಹೋಯಿತು. ಅಕ್ಕಪಕ್ಕದವರು ಮರಳು ಸುರಿದು ಬೆಂಕಿ ಆರಿಸಿದಾಗ ಕೋಣೆಯಲ್ಲಿ ದೇವರು ಯಾರು, ಮಷೀನು ಯಾವುದು ಗೊತ್ತಾಗ್ತಿರಲಿಲ್ಲ.

ಸಾಹುಕಾರ ಅಂಗಳದಲ್ಲಿ ಕೂತು ಗೋಳೋ ಅಂತ ಅತ್ತ. ಮಷೀನಿಗಲ್ಲ, ಆ ಕೈ ನೋಡಿ ಅತ್ತ. "ಇಷ್ಟು ಪೂಜೆ ಮಾಡಿದೆ. ದೇವರು ಒಂದು ಸೂಚನೆನಾದ್ರೂ ಕೊಡಬಾರದಿತ್ತಾ?"

"ಕೊಟ್ಟ ಕಣ್ರೀ," ಅಂದಳು ಹೆಂಡತಿ. "ದಿನಾ ಬೆಳಿಗ್ಗೆ ಮೂಗಿಗೇ ಕೊಟ್ಟ. ನೀವು ಊದಿನಕಡ್ಡಿ ಹಚ್ಚಿಸಿದ್ರಿ."

ನಗ್ತೀರಾ? ನಿಮ್ಮ ಮೆಟ್ಟಿಲ ಕೆಳಗೆ ಏನಿದೆ? ಅಡುಗೆಮನೆ ಬಾಗಿಲ ಹಿಂದಿನ ನೀರಿನ ಬಾಟಲಿಯಲ್ಲಿರೋದು ನೀರೇನಾ? ಇವತ್ತೇ ಹೋಗಿ ಆ ಪೆಟ್ರೋಲನ್ನ ಗಟ್ಟಿ ಮುಚ್ಚಳದ ಪೆಟ್ರೋಲ್ ಕ್ಯಾನಿಗೆ ಹಾಕಿ. ಒಲೆ, ದೀಪ, ಮಲಗೋ ಜಾಗ ಎಲ್ಲದರಿಂದ ದೂರ, ಗಾಳಿಯಾಡೋ ಶೆಡ್ಡಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಷೀನಿನ ಬಿಸಿ ಪೂರ್ತಿ ಆರಿದ ಮೇಲೆ ಬಯಲಲ್ಲೇ ಟ್ಯಾಂಕ್ ಖಾಲಿ ಮಾಡಿ, ಆಮೇಲೆ ಎತ್ತಿಡಿ. ಪೂಜೆ ಬೇಕಾ? ಅಂಗಳದಲ್ಲಿ ಹೂವಿಟ್ಟು ಕೈಮುಗೀರಿ, ಬೆಂಕಿ ಬೇಡ. ದೇವರು ಬೇಜಾರು ಮಾಡ್ಕೊಳ್ಳಲ್ಲ, ಅವನೂ ಉಸಿರಾಡಬೇಕಲ್ಲ!

ಇನ್ನು ಮಂಗಳಾರತಿ... ತಡೀರಿ, ತಡೀರಿ. ಅಧ್ಯಕ್ಷರೇ, ಈ ಮೈಕಿನ ಜನರೇಟರ್‌ನ ಪೆಟ್ರೋಲ್ ಕ್ಯಾನು ಎಲ್ಲಿಟ್ಟಿದ್ದೀರಿ? ನನ್ನ ಪೀಠದ ಹಿಂದೆಯಾ? ಆಗಲಿಂದ ದೇವರು ನನ್ನ ಮೂಗಿಗೂ ಏನೋ ಹೇಳ್ತಾ ಇದ್ದಾನೆ. ಮೊದಲು ಅದು ಹೊರಗೆ ಹೋಗಲಿ. ಆಮೇಲೆ ಆರತಿ.