ಖರಾಡಿಯ ಖಾಲಿ ಕಟ್ಟಡದ ಬೀಗ ಒಡೆದ ಬಗ್ಗೆ

ನಾನು ಚಂದಮ್ಮ, ಗಂಡ ಅವ್ವಣ್ಣ (ತೀರಿಕೊಂಡಿದ್ದಾರೆ), ವಯಸ್ಸು 41 ವರ್ಷ, ಉದ್ಯೋಗ ಕಟ್ಟಡ ಕೂಲಿ, ಮೂಲ ಊರು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕು, ನವೆಂಬರ್ 3ರವರೆಗೆ ವಾಸ ಯೆರವಡಾದ ನಾಲೆ ದಂಡೆಯ ಗುಡಿಸಲು, ಪುಣೆ. ಯಾರೂ ಕರೆಸದೆ ಈ ದಿನ ಸಂಜೆ 5.40ಕ್ಕೆ ನಾನೇ ಠಾಣೆಗೆ ಬಂದು, ಕನ್ನಡ ಬಲ್ಲ ಹವಾಲ್ದಾರ ಶಿವಪ್ರಕಾಶ ಅವರ ಮುಂದೆ ಹೇಳಿ ಬರೆಸುವುದೇನೆಂದರೆ,

2013ರ ಜನವರಿಯಿಂದ 2014ರ ಮೇವರೆಗೆ ಖರಾಡಿಯ ಸದರಿ ಐದು ಮಹಡಿಯ ಕಟ್ಟಡದಲ್ಲಿ ನನ್ನ ಗಂಡ ಗೌಂಡಿ ಕೆಲಸ ಮಾಡುತ್ತಿದ್ದರು, ನಾನು ಇಟ್ಟಿಗೆ ಹೊರುತ್ತಿದ್ದೆ. ಕಟ್ಟುತ್ತಿದ್ದ ಕಟ್ಟಡದಲ್ಲೇ ನಮ್ಮ ವಾಸವಿತ್ತು. ಕೊನೆಯ ಏಳು ತಿಂಗಳು ಮೂರನೇ ಮಹಡಿಯ ಪೂರ್ವದಿಕ್ಕಿನ ಮನೆಯಲ್ಲಿದ್ದೆವು. ಕಿಟಕಿಗೆ ಚೌಕಟ್ಟು ಇರಲಿಲ್ಲ, ಸೀರೆ ಕಟ್ಟಿದ್ದೆ. ಬೆಳಗಿನ ಬಿಸಿಲು ಸೀರೆಯ ಹಸಿರು ಬಣ್ಣ ಹಿಡಿದು ಒಳಗೆ ಬರುತ್ತಿತ್ತು. ಅಡುಗೆ ಕಟ್ಟೆ ಕಟ್ಟುವಾಗ ಗಂಡ ಟೇಪು ಬಿಟ್ಟು ನನ್ನನ್ನು ಗೋಡೆಗೆ ನಿಲ್ಲಿಸಿ, ನನ್ನ ಟೊಂಕಕ್ಕೆ ಸರಿಯಾಗಿ ಗೆರೆ ಎಳೆದರು. ಇಲ್ಲಿಗೆ ಬರುವವಳು ಎತ್ತರದವಳಾದರೆ ಹೇಗೆ ಎಂದು ಕೇಳಿದೆ. ಬರಾಕಿ ಬಗ್ಗಿ ಮಾಡ್ಲಿ ಬಿಡು, ಇವತ್ತ ಅಡಗಿ ಮಾಡಾಕಿ ನೀನ ಅಲ್ಲೇನು ಎಂದರು. ಕಟ್ಟೆ ಎರಡು ಇಂಚು ತಗ್ಗಾಯಿತೆಂದು ಸೂಪರ್‌ವೈಜರ್ ಬೈದರು. ಇದು ಪ್ರಕರಣಕ್ಕೆ ಬೇಕಿಲ್ಲ ಎಂದು ಹವಾಲ್ದಾರರು ಹೇಳಿದರು. ಬೇಕು ಎಂದು ನಾನು ಕೇಳಿಕೊಂಡದ್ದರಿಂದ ಬರೆದಿದ್ದಾರೆ.

ಆಮೇಲೆ ಮಾಲೀಕರೊಳಗೆ ತಕರಾರು ಬಂದು ಕಟ್ಟಡಕ್ಕೆ ಬೀಗ ಬಿತ್ತು. ಹನ್ನೊಂದು ವರ್ಷದಿಂದ ಅದು ಖಾಲಿ ಇದೆ. ಗಂಡ 2021ರಲ್ಲಿ ಜ್ವರದಿಂದ ತೀರಿಕೊಂಡರು.

ನವೆಂಬರ್ 3ರಂದು ನಾಲೆ ದಂಡೆಯ ನಮ್ಮ 14 ಗುಡಿಸಲುಗಳನ್ನು ಕೆಡವಿದರು. ಒಂಬತ್ತು ದಿನ ಮೇಲ್ಸೇತುವೆಯ ಕೆಳಗೆ ಇದ್ದೆವು. ವಸತಿ ಹಕ್ಕಿನ ಸಂಘಟನೆಯ ಸೋನಾಲಿ, ನಮ್ಮ ಓಣಿಯಲ್ಲೇ ಬೆಳೆದವಳು, ಖಾಲಿ ಕಟ್ಟಡದ ಮುಂದೆ ಧರಣಿ ಕೂರೋಣ ಎಂದಳು. ಯಾವ ಕಟ್ಟಡವೆಂದು ತೋರಿಸಿದವಳು ನಾನು.

ಈ ದಿನ ಬೆಳಿಗ್ಗೆ 10.30ಕ್ಕೆ ಎಲ್ಲರೂ ಗೇಟಿನ ಮುಂದೆ ಕುಳಿತೆವು. ಪಾಲಿಕೆ ಸಾಹೇಬ್ರು ಬರೂತನ ಇಲ್ಲೇ ಕುಂದ್ರೂಣು, ಬೀಗ ಮಾತ್ರ ಮುಟ್ಟಬ್ಯಾಡ್ರಿ ಚಂದಕ್ಕಾ ಎಂದು ಸೋನಾಲಿ ಎರಡು ಸಲ ಹೇಳಿದಳು. ಮಧ್ಯಾಹ್ನ 1 ಗಂಟೆಯಾದರೂ ಯಾರೂ ಬರಲಿಲ್ಲ. ನಾನು ಯಾರಿಗೂ ಹೇಳದೆ ಹಿಂದಿನ ಗೋಡೆಯ ಸಂದಿಯಿಂದ ಒಳಹೊಕ್ಕೆ. ಆ ಸಂದಿ ಎರಡು ಅಡಿ ಇದ್ದು, ಮರಳು ಹೊರುವಾಗಿನಿಂದ ನನಗೆ ಗೊತ್ತು. 1.20ಕ್ಕೆ ಮೆಟ್ಟಿಲ ಬಾಗಿಲ ಬೀಗವನ್ನು ಕಲ್ಲಿನಿಂದ ಮೂರು ಏಟಿಗೆ ಒಡೆದೆ. ಮೇಲಿನ ಕಿಟಕಿಯಿಂದ ಎಲ್ಲರನ್ನೂ ಕೂಗಿ ಕರೆದೆ, ಅದೇ ಸಂದಿಯಿಂದ ಎಲ್ಲರೂ ಬಂದರು.

ಮೂರನೇ ಮಹಡಿಯ ನಾವಿದ್ದ ಮನೆಯೊಳಗೆ ಪಾರಿವಾಳದ ಹಿಕ್ಕೆ, ಧೂಳು ಬಿಟ್ಟರೆ ಎಲ್ಲ ಹಾಗೇ ಇತ್ತು. ಕಟ್ಟೆ ಒರೆಸಿ ಒಲೆ ಇಟ್ಟು ಅನ್ನಕ್ಕೆ ಇಟ್ಟೆ. ಬಗ್ಗಬೇಕಾಗಲಿಲ್ಲ. ಹನ್ನೆರಡು ವರ್ಷದ ನನ್ನ ಮಗಳು ಶರಣಮ್ಮ, ಅವ್ವಾ, ನಾ ಇಲ್ಲಿ ಇದ್ನೇನು ಎಂದು ಕೇಳಿದಳು. ಆಕೆ ಮೊದಲು ಹೆಜ್ಜೆ ಇಟ್ಟ ಜಾಗ ತೋರಿಸಿದೆ. ಆಕೆ ಚಪ್ಪಲಿ ಬಿಟ್ಟು ಅಲ್ಲಿ ನಿಂತಳು.

3.50ಕ್ಕೆ ಪೊಲೀಸರು ಬಂದರು. ಜಗಳವಿಲ್ಲದೆ ಎಲ್ಲರೂ ಇಳಿದೆವು. ಬೀಗ ಒಡೆದದ್ದು ತಾನೇ ಎಂದು ಸೋನಾಲಿ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯನ್ನು ಗಾಡಿಗೆ ಹತ್ತಿಸಿದರು. ಉಳಿದವರನ್ನು ಪಾಲಿಕೆಯ ಸಭಾಭವನಕ್ಕೆ ಕಳಿಸಿದ್ದಾರೆ. ಮಗಳನ್ನು ಅಲ್ಲಿ ನೆರೆಯವರ ಹತ್ತಿರ ಬಿಟ್ಟು ನಡೆದು ಬಂದೆ.

ಇದನ್ನು ಬರೆಯುತ್ತಿರುವಾಗಲೇ 6.55ಕ್ಕೆ ಸೋನಾಲಿಯನ್ನು ಬಿಟ್ಟರು. ಯಾಕ ಬಂದ್ರಿ ಅಕ್ಕಾ, ನಿಮ್ಮ ಮ್ಯಾಲೆ ಕೇಸ್ ಆಗ್ತದ ಎಂದಳು. ಆಗಲಿ ತಂಗಿ, ನೀ ಇನ್ನೂ ಭಾಳ ಮಂದಿಗೆ ಮನಿ ಕೊಡಸಬೇಕು, ನನ್ನ ಮನಿ ನನಗ ಇವತ್ತ ಎರಡೂವರೆ ತಾಸು ಸಿಕ್ಕದ ಎಂದೆ.

ಬರೆದದ್ದನ್ನು ಕನ್ನಡದಲ್ಲೇ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪುಣೆ
ದಿನಾಂಕ: 12-11-2025
ಚಂದಮ್ಮ (ಎಡಗೈ ಹೆಬ್ಬೆರಳ ಗುರುತು)