ಹಡಗಿನ ಸೂಲಗಿತ್ತಿ

ಬೆಳಗಿನಿಂದ ಬಿಡದೆ ಸುರಿದ ಮಳೆಗೆ ನಮ್ಮ ಬರ್ರಾ ಗಣಿಯೂರಿನ ಹೊಳೆ ದಂಡೆ ಮೀರಿತ್ತು. ಆಚೆ ದಡದ ಡಾಕ್ಟರು ಬರುವಂತಿರಲಿಲ್ಲ. ಒಳಕೋಣೆಯಲ್ಲಿ ಸ್ಯಾಂಪ್ಸನ್‌ನ ಹೆಂಡತಿ ಚೊಚ್ಚಲ ಹೆರಿಗೆಯ ಬೇನೆ ತಿನ್ನುತ್ತಿದ್ದಳು. ನಾವು ನಾಲ್ಕೈದು ನೆರೆಯವರು ಒಲೆಯ ಸುತ್ತ ಕೂತಿದ್ದೆವು.

“ಕೂಸಿನ ಕಾಲು ಕೆಳಗಾಗಿದೆಯಂತಲ್ಲಜ್ಜಿ, ನೀನೊಬ್ಬಳೇ ಏನ್ ಮಾಡ್ತೀಯ?” ಎಂದ ಸ್ಯಾಂಪ್ಸನ್.

ಅವನ ಅಪ್ಪನ ತಾಯಿ, ಊರಿಗೆಲ್ಲ ಸೂಲಗಿತ್ತಿಯಾದ ಥಾಮಸಿನ್ ಅಜ್ಜಿ ಚಹಾದ ಬಟ್ಟಲು ಕೆಳಗಿಟ್ಟಳು.

“ನೋವು ಇನ್ನೂ ದೂರ ದೂರ ಬರ್ತಿದೆ, ಹೊತ್ತಿದೆ, ಕೂತ್ಕೋ. ನಿಮ್ಮಪ್ಪ ಹುಟ್ಟಿದ್ದೆಲ್ಲಿ, ಗೊತ್ತಾ? ನೆಲದ ಮೇಲಲ್ಲ... ಹಡಗಿನಲ್ಲಿ. ನಮ್ಮ ಹಳೇ ಸೀಮೆ ಕಾರ್ನ್‌ವಾಲ್‌ನಲ್ಲಿ ಎರಡು ಕೂಸು ಮಣ್ಣಿಗಿಟ್ಟು, ಹೊಸ ದೇಶದಲ್ಲಾದ್ರೂ ಒಂದು ಉಳಿದೀತು ಅಂತ ನಾನೂ ನಿಮ್ಮ ತಾತನೂ ‘ಮೇರಿ ಪೆನ್ರೋಸ್’ ಹತ್ತಿದ್ವಿ. ನನ್ನ ಪಕ್ಕದ ಹಲಗೆ ಮೇಲೆ ಗ್ರೇಸ್ ಪೆಂಗೆಲಿ ಅಂತ ಸೂಲಗಿತ್ತಿ ಮಲಗ್ತಿದ್ದಳು. ಬಾಯಿ ಬಹಳ ಜೋರು. ‘ಇಷ್ಟು ಹೊಟ್ಟೆಗೆ ಅಷ್ಟೊಂದು ನರಳ್ತೀಯಲ್ಲೇ ಹುಡುಗಿ, ಇದನ್ನ ನಾನೇ ನಿನ್ನ ಮಡಿಲಿಗೆ ಹಾಕ್ತೀನಿ, ಸುಮ್ನಿರು’ ಅನ್ನೋಳು. ಕಡೆಗೆ ಅವಳಿಗೇ ಜ್ವರ ಬಂತು... ಹಾಯಿಬಟ್ಟೆಯಲ್ಲಿ ಹೊಲಿದು ಸಮುದ್ರಕ್ಕೆ ಬಿಟ್ಟರು. ಮುಳುಗೋವರೆಗೂ ನೋಡ್ತಾ ನಿಂತಿದ್ದೆ.

“ಅವಳು ಹೋದ ಹದಿನಾರನೇ ದಿನಕ್ಕೆ ಬಿರುಗಾಳಿ. ನಿಮ್ಮ ತಾತ ಒಳಗೆ ನುಗ್ಗಿದ ನೀರೆತ್ತೋ ಪಂಪು ಒತ್ತೋಕೆ ಮೇಲೆ ಹೋಗಿದ್ರು. ಅವರ ಹಿಂದೆನೇ ನಮ್ಮ ಕೆಳಗಿನ ಕೋಣೆ ಬಾಯಿಗೆ ಮುಚ್ಚಳ ಜಡಿದು, ದೀಪ ಆರಿಸಿಬಿಟ್ರು. ಹಗಲಲ್ಲೇ ಕೆಳಗೆ ಕಗ್ಗತ್ತಲು, ಮಂಡಿವರೆಗೂ ನೀರು, ಆವಾಗಲೇ ನನಗೆ ನೋವು... ಕಾಲೇ ಮೊದಲು ಬಂತು. ಹೆಂಗಸರೆಲ್ಲ ಕಂಬ ತಬ್ಬಿಕೊಂಡು ದೇವರನ್ನ ಕೂಗ್ತಿದ್ರು, ನನ್ನ ಹತ್ತಿರ ಬರೋರ್ಯಾರು? ಇದೂ ಹೋಯ್ತು ಅಂದ್ಕೊಂಡೆ. ಆಗ ಎರಡು ಕೈ ಬಂದವು. ಒದ್ದೆ ಕೈ, ಕೊರೆಯೋವಷ್ಟು ತಣ್ಣಗೆ. ‘ಈಗ್ಲೇ ತಿಣುಕಬೇಡ ಕಣೇ ಹುಡುಗಿ... ಹಾಂ, ಈಗ.’ ಆ ದನಿ ನನಗೆ ಗೊತ್ತಾಗದೇ ಇರುತ್ತಾ? ಕೂಸನ್ನ ಮಡಿಲಿಗೆ ಹಾಕಿದಳು. ಅದು ಅತ್ತಿತು. ನಾನೂ ಅತ್ತೆ. ದೀಪ ಬಂದಾಗ ಹತ್ತಿರ ಯಾರೂ ಇಲ್ಲ. ಹೊಕ್ಕುಳಬಳ್ಳಿ ಮಾತ್ರ ಹಾಯಿ ಹೊಲಿಯೋ ದಾರದಲ್ಲಿ ಭದ್ರವಾಗಿ ಕಟ್ಟಿತ್ತು.”

ಒಳಗಿನಿಂದ ಉದ್ದನೆಯ ನರಳಾಟ ಕೇಳಿಸಿತು. ಅಜ್ಜಿ ಅಂಗಿಯ ತೋಳು ಮಡಚುತ್ತ ಎದ್ದಳು.

“ಈ ಊರಲ್ಲಿ ಇನ್ನೂರು ಹೆರಿಗೆ ಮಾಡಿಸಿದಳು ಅಂತೀರಲ್ಲ... ಒಬ್ಬಳೇ ಮಾಡಿಸಿದೆ ಅಂತ ನಾನು ಯಾವತ್ತಾದ್ರೂ ಹೇಳಿದೀನಾ? ಏಳು ಸ್ಯಾಂಪ್ಸನ್, ಇನ್ನೊಂದು ಬೋಗುಣಿಗೂ ಬಿಸಿನೀರು ಹಾಕು. ನಿನ್ನ ಹೆಂಡತೀನ ಮುಟ್ಟೋಕೆ ಮುಂಚೆ ಗ್ರೇಸ್ ಸ್ವಲ್ಪ ಕೈ ಬೆಚ್ಚಗೆ ಮಾಡ್ಕೊಳ್ಳಲಿ.”