ಯಾವ ಲಿನಕ್ಸ್ ಹಾಕಲಿ, ಅಕ್ಕಾ?

ಧರಮಪೇಠದ ಕಣ್ಣಿನ ದವಾಖಾನೆಯಲ್ಲಿ ಗಿರಿಜವ್ವ ಹನಿ ಹಾಕಿಸಿಕೊಂಡು, ನರ್ಸ್ ಹೇಳಿದಂತೆ ಕಣ್ಣು ಮುಚ್ಚಿ ಕೂತಿದ್ದಳು. ಸುತ್ತಲಿನ ಮರಾಠಿಯ ನಡುವೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ಅಕ್ಕನ ಹಳೆಯ ಲ್ಯಾಪ್‌ಟಾಪಿಗೆ ಯಾವ ಬಗೆಯ ಲಿನಕ್ಸ್ ತಂತ್ರಾಂಶ ಹಾಕಬೇಕೆಂದು ತಮ್ಮನೊಬ್ಬ ಕೇಳುತ್ತಿದ್ದ.

“ಎಲ್ಲಾನೂ ಫುಕಟ್ ಅದಾವ ಅಕ್ಕಾ. ಮಿಂಟ್ ಹಾಕಲೇನು? ಹಸರ ಬಣ್ಣ, ಕಣ್ಣಿಗೆ ತಂಪ ಐತಿ.”

“ಹೂಂ.”

“ಫೆಡೋರಾ ನೀಲಿ. ಅದೂ ಚಲೋ ಐತಿ.”

“ಸ್ಕ್ರೀನ್ ಮ್ಯಾಲಿಂದು ಓದಿ ಹೇಳೂದು ಯಾವುದು?”



“ಎಲ್ಲಾ ಓದತಾವ. ಉಬುಂಟು ಹಾಕೂ ಹೊತ್ತಿನಿಂದನ ಮಾತಾಡತೈತಿ.”

“ಅದನ್ನ ಹಾಕು. ಈಗಿಂದನ ರೂಢಿ ಮಾಡ್ಕೋತೀನಿ.”

“ಇನ್ನೊಂದು ವರ್ಷ ಕಾಣತೈತಿ ಅಂದಾರಲ್ಲ ಡಾಕ್ಟರು.”

“ಹೋದ ತಿಂಗಳ ಎರಡು ವರ್ಷ ಅಂದಿದ್ರು.”

“ತೇಜಶ್ರೀ!” ಎಂದು ನರ್ಸ್ ಕೂಗಿದಳು. ಇಬ್ಬರೂ ಎದ್ದ ಸದ್ದಾಯಿತು.

“ಅಕ್ಕಾ, ವಾಲ್‌ಪೇಪರ್ ಯಾವುದು ಇಡಲಿ?”

“ನಿನಗ ಬೇಕಾದ್ದು ಇಡಪಾ. ನೋಡಾಂವ ನೀನ.”

ಚಪ್ಪಲಿಗಳ ಸದ್ದು ಒಳಕೋಣೆಯತ್ತ ಹೋಯಿತು. ನರ್ಸ್ ಹೇಳಿದ ಹೊತ್ತು ಮುಗಿದಿತ್ತು, ಈಗ ಕಣ್ಣು ತೆರೆಯಬಹುದಿತ್ತು. ಗಿರಿಜವ್ವ ಮುಚ್ಚಿಕೊಂಡೇ ಕೂತಳು.